ಕೆರೆದು ಉಳಿಸಿದ ಮುಖ

1914ರಲ್ಲಿ ಫಿನ್ಲೆಂಡಿನ ಕಲಾ ಸಂಘ ತನ್ನ ಆಡಳಿತ ಮಂಡಳಿಯ ಕೋಣೆಯಲ್ಲಿ ತೂಗುಹಾಕಲು ನಾಡಿನ ಕೆಲವು ಹೆಸರಾಂತ ಕಲಾವಿದರಿಂದ ಅವರವರದೇ ಭಾವಚಿತ್ರ ಕೇಳಿತು. ಪಟ್ಟಿಯಲ್ಲಿದ್ದ ಒಬ್ಬಳೇ ಹೆಂಗಸು ಹೆಲೆನ್ ಶೆರ್ಫ್‌ಬೆಕ್. ಇಂಥ ಚಿತ್ರಕ್ಕೆ ಯುರೋಪಿನಲ್ಲಿ ಹಳೆಯ ರೂಢಿಯೊಂದಿತ್ತು: ಕೈಯಲ್ಲಿ ಪ್ಯಾಲೆಟ್, ಮೈಮೇಲೆ ಒಳ್ಳೆಯ ಉಡುಪು, ನೋಡುವವರನ್ನು ದಿಟ್ಟಿಸುವ ಠೀವಿ. ಗಿರಾಕಿಗೆ ಕಸುಬಿನ ಮಾದರಿ ತೋರಿಸಿದ ಹಾಗೂ ಆಯಿತು, ಹತ್ತು ಜನರ ನಡುವೆ ತನ್ನ ಜಾಗ ಗಟ್ಟಿ ಮಾಡಿಕೊಂಡ ಹಾಗೂ ಆಯಿತು.

1915ರಲ್ಲಿ ಆಕೆ ಮುಗಿಸಿದ ತೈಲಚಿತ್ರದ ಹಿನ್ನೆಲೆ ಕಡುಗಪ್ಪು. ಹಿಂದೆ ಕುಂಚಗಳನ್ನಿಟ್ಟ ಕೆಂಪು ಡಬ್ಬಿ. ಅಲ್ಲೇ ಮೇಲೆ ಕಲಾವಿದೆಯ ಹೆಸರು, ಗೋರಿಕಲ್ಲಿನ ಸವೆದ ಬರಹದ ಹಾಗೆ ಅರೆಬರೆ ಕಾಣುತ್ತದೆ. ಆ ಕತ್ತಲಿನಿಂದ ಬಿಳಿಚಿದ ಮುಖವೊಂದು ಗದ್ದ ಎತ್ತಿ ನಿಂತಿದೆ. ರೂಢಿ ಮುರಿದಿಲ್ಲ, ಆದರೆ ಸಂಭ್ರಮವೂ ಇಲ್ಲ.

ಆಗ ಆಕೆಗೆ ಐವತ್ತು ದಾಟಿತ್ತು. 1862ರ ಜುಲೈ 10ರಂದು ಹೆಲ್ಸಿಂಕಿಯಲ್ಲಿ ಹುಟ್ಟಿದ ಹೆಲೆನ್ ನಾಲ್ಕು ವರ್ಷದವಳಿದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕುಂಟು ಕೊನೆತನಕ ಉಳಿಯಿತು. ಹನ್ನೊಂದಕ್ಕೇ ಕಲಾ ಸಂಘದ ಚಿತ್ರಶಾಲೆ, ಹದಿನೆಂಟಕ್ಕೆ ಸರ್ಕಾರದ ಧನಸಹಾಯದ ಮೇಲೆ ಪ್ಯಾರಿಸ್. ಅಲ್ಲಿದ್ದ ವರ್ಷಗಳಲ್ಲಿ ಇಂಗ್ಲಿಷ್ ಕಲಾವಿದನೊಬ್ಬನ ಜೊತೆ ಮದುವೆ ಗೊತ್ತಾಗಿ, ಒಂದು ಪತ್ರದಲ್ಲಿ ಮುರಿದುಬಿತ್ತು. ಆತ ಯಾರೆಂದು ಇಂದಿಗೂ ತಿಳಿಯದು, ಏಕೆಂದರೆ ಅವನ ಪ್ರಸ್ತಾಪವಿದ್ದ ಪತ್ರಗಳನ್ನೆಲ್ಲ ನಾಶಮಾಡುವಂತೆ ಆಕೆ ಗೆಳತಿಯರಿಗೆ ಹೇಳಿದ್ದಳು.

ಆ ಏಟಿನ ಬಗ್ಗೆ ಚಿತ್ರವೇನಾದರೂ ಇದೆಯೇ? ಅನೇಕರು 1888ರ ‘ಚೇತರಿಸಿಕೊಳ್ಳುತ್ತಿರುವವಳು’ ಕಡೆ ಬೆರಳು ತೋರಿಸುತ್ತಾರೆ. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಬರೆದ ಈ ಚಿತ್ರದಲ್ಲಿ ಕಾಯಿಲೆಯಿಂದ ಏಳುತ್ತಿರುವ ಪುಟ್ಟ ಹುಡುಗಿ ಬೆತ್ತದ ಕುರ್ಚಿಯಲ್ಲಿ ಕೂತು, ಲೋಟದಲ್ಲಿಟ್ಟ ಚಿಗುರುಕಡ್ಡಿಯನ್ನು ನೋಡುತ್ತಿದ್ದಾಳೆ. ಮರುವರ್ಷ ಪ್ಯಾರಿಸ್‌ನ ವಿಶ್ವಪ್ರದರ್ಶನದಲ್ಲಿ ಇದಕ್ಕೆ ಕಂಚಿನ ಪದಕ ಬಂತು. ಆ ಕಾಲದ ಮರ್ಯಾದೆಯೇ ಹಾಗೆ: ಸ್ವಂತ ಸಂಕಟವಿದ್ದರೆ ಅದನ್ನು ಯಾರದೋ ಮಗುವಿನ ಮೈಗೆ ತೊಡಿಸಿ ಕಥೆಯಾಗಿ ಹೇಳಬೇಕು. ಚಿತ್ರ ಚೆನ್ನಾಗಿದೆ. ಆದರೆ ನೋವು ಅಲ್ಲಿರುವುದು ವಿಷಯವಾಗಿ, ಬಣ್ಣದಲ್ಲಲ್ಲ.

ಅದು ಬಣ್ಣಕ್ಕೆ ಇಳಿದದ್ದು ಹ್ಯೂವಿಂಕಾ ಊರಿನಲ್ಲಿ. ಅನಾರೋಗ್ಯದಿಂದ ಪಾಠ ಹೇಳುವ ಕೆಲಸ ಬಿಟ್ಟ ಹೆಲೆನ್ 1902ರಲ್ಲಿ ತಾಯಿಯೊಂದಿಗೆ ಅಲ್ಲಿಗೆ ಹೋದಳು. ಸಣ್ಣ ಮನೆ, ಮನೆಗೆಲಸ, ತಾಯಿಯ ಆರೈಕೆ, ಉಳಿದ ಹೊತ್ತಿನಲ್ಲಿ ಕ್ಯಾನ್ವಾಸ್. ಹೀಗೆಂದು ಆಕೆಯನ್ನು ಲೋಕದ ಸುದ್ದಿಯಿಲ್ಲದ ಸನ್ಯಾಸಿನಿ ಮಾಡುವುದು ತಪ್ಪು. ಕಲಾಪುಸ್ತಕಗಳನ್ನೂ ಫ್ರೆಂಚ್ ಫ್ಯಾಷನ್ ಪತ್ರಿಕೆಗಳನ್ನೂ ತರಿಸಿ ನೋಡುತ್ತಿದ್ದಳು. 1917ರಲ್ಲಿ ಕಲಾಕೃತಿಗಳ ವ್ಯಾಪಾರಿ ಯೋಸ್ತಾ ಸ್ಟೆನ್‌ಮನ್ ಹೆಲ್ಸಿಂಕಿಯಲ್ಲಿ ಏರ್ಪಡಿಸಿದ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನದಲ್ಲಿ 159 ಕೃತಿಗಳಿದ್ದವು.

ಅದೇ ವರ್ಷ ಆಕೆಯ ಜೀವನಚರಿತ್ರೆ ಬರೆದವನು ಐನಾರ್ ರಾಯ್ಟರ್, ಅರಣ್ಯಾಧಿಕಾರಿ, ಹವ್ಯಾಸಿ ಚಿತ್ರಕಾರ, ಆಕೆಗಿಂತ 19 ವರ್ಷ ಚಿಕ್ಕವ. ಹೆಲೆನ್ ಮನಸ್ಸು ಕೊಟ್ಟಳು. 1919ರಲ್ಲಿ ಅವನಿಗೆ ಬೇರೆಡೆ ನಿಶ್ಚಿತಾರ್ಥವಾಯಿತು, ಇವಳು ಆಸ್ಪತ್ರೆ ಸೇರಿದಳು. (ಪತ್ರವ್ಯವಹಾರ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.) 1921ರ ಅಪೂರ್ಣ ಆತ್ಮಚಿತ್ರದಲ್ಲಿ ಮುಖದ ಮೇಲೆಯೇ ಕೆರೆದ ಗೀರುಗಳಿವೆ.

ಈ ಕೆರೆತವನ್ನು ಬರೀ ಸಿಟ್ಟೆಂದು ಓದಿದರೆ ಅರ್ಧ ಮಾತ್ರ ಸಿಕ್ಕೀತು. ಎಣ್ಣೆಬಣ್ಣ ನಿಧಾನಕ್ಕೆ ಒಣಗುತ್ತದೆ, ಹಸಿಯಿದ್ದಾಗ ಒರೆಸಬಹುದು, ಒಣಗಿದ ಮೇಲೆ ಚಾಕುವಿನಿಂದ ಎಬ್ಬಿಸಬಹುದು. ಹೆಲೆನ್ ಇದನ್ನೇ ಕಸುಬು ಮಾಡಿಕೊಂಡಳು: ಹಚ್ಚುವುದು, ಉಜ್ಜುವುದು, ಬಟ್ಟೆಯ ನೇಯ್ಗೆ ಕಾಣುವ ತನಕ ಕೆರೆಯುವುದು. ಕಳೆದುಕೊಂಡದ್ದನ್ನು ಹೇಳಲು ಕಥೆ ಬೇಕಾಗಲಿಲ್ಲ, ತೆಗೆದುಹಾಕುವ ಕೆಲಸವೇ ಸಾಕಾಯಿತು.

ಯುದ್ಧಕಾಲದಲ್ಲಿ, 1944ರಲ್ಲಿ, ಸ್ಟೆನ್‌ಮನ್ ಆಕೆಯನ್ನು ಸ್ವೀಡನ್ನಿನ ಸಾಲ್ಟ್‌ಶೋಬಾಡೆನ್ ಊರಿನ ಹೋಟೆಲಿಗೆ ಕರೆಸಿಕೊಂಡ. ಜೀವಮಾನದ ಸುಮಾರು 40 ಆತ್ಮಚಿತ್ರಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಕೊನೆಯ ಈ ಒಂದೆರಡು ವರ್ಷಗಳಲ್ಲಿ. ಮಾಡೆಲ್ ಸದಾ ಕೈಗೆ ಸಿಗುತ್ತದೆ, ಆದರೆ ತನ್ನನ್ನು ತಾನೇ ನೋಡುವುದು ಹಿತವಲ್ಲ ಎಂಬರ್ಥದಲ್ಲಿ ಆಕೆ ಬರೆದದ್ದುಂಟು. ‘ಕೆಂಪು ಚುಕ್ಕೆಯ ಆತ್ಮಚಿತ್ರ’ ಅರ್ಧ ಮೀಟರಿಗಿಂತ ಚಿಕ್ಕದು. ಬೂದು ಬಣ್ಣದ ಮುಖ, ಮಸುಕಾದ ಒಂದು ಕಣ್ಣು, ತೆರೆದ ಬಾಯಿ, ಕೆಳತುಟಿಯ ಮೇಲೆ ಒಂದೇ ಒಂದು ಕೆಂಪು ಗುರುತು. ಮುಂದಿನವುಗಳಲ್ಲಿ ಕೂದಲು, ಕೊರಳು ಎಲ್ಲ ಕರಗಿ ತಲೆಬುರುಡೆಯಷ್ಟೇ ಉಳಿಯುತ್ತದೆ.

ಇವನ್ನು ಒಂಟಿ ಮುದುಕಿಯ ಅಳಲು ಎನ್ನುವವರಿದ್ದಾರೆ. ಅಳುವ ಕೈಗೆ ಆ ಕೆಂಪು ಚುಕ್ಕೆಯನ್ನು ಅಷ್ಟು ಲೆಕ್ಕಾಚಾರದಿಂದ ಇಡಲು ಬಾರದು. ಎಂಬತ್ತೆರಡರಲ್ಲೂ ಕೆಲಸ ಬಿಡದ ವೃತ್ತಿಪರಳ ಚಿತ್ರಗಳು ಇವು, ಆಕೆಯ ಅತ್ಯುತ್ತಮ ಕೃತಿಗಳೂ ಇವೇ. 1946ರ ಜನವರಿ 23ರಂದು ಆಕೆ ಅಲ್ಲೇ ತೀರಿಕೊಂಡಳು. ಬ್ರಿಟನ್ನಿನಲ್ಲಿ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಲು 2019 ಬರಬೇಕಾಯಿತು. ಫಿನ್ಲೆಂಡಿನಲ್ಲಿ ಆಕೆ ಹುಟ್ಟಿದ ಜುಲೈ 10 ಈಗ ಚಿತ್ರಕಲೆಯ ದಿನ. ಕೆಂಪು ಚುಕ್ಕೆಯ ಚಿತ್ರ ಹೆಲ್ಸಿಂಕಿಯ ಅಟೆನೆಯುಮ್ ಸಂಗ್ರಹಾಲಯದಲ್ಲಿದೆ.