ಪರ್ಸಿಕ್ಯೂಟ್: ಬೆನ್ನಟ್ಟಿ ಪೀಡಿಸುವುದು

ವ್ಯಕ್ತಿಯನ್ನಾಗಲಿ ಸಮುದಾಯವನ್ನಾಗಲಿ ಧರ್ಮ, ಜನಾಂಗ ಅಥವಾ ರಾಜಕೀಯ ನಿಲುವಿನ ಕಾರಣಕ್ಕೆ ಗುರಿಯಾಗಿಸಿ, ಬಿಡದೆ ಕ್ರೂರವಾಗಿ ನಡೆಸಿಕೊಳ್ಳುವುದನ್ನು ಇಂಗ್ಲಿಷಿನ ‘ಪರ್ಸಿಕ್ಯೂಟ್’ ಎಂಬ ಕ್ರಿಯಾಪದ ಸೂಚಿಸುತ್ತದೆ. ಲ್ಯಾಟಿನ್ನಿನಲ್ಲಿ ‘ಪರ್’ ಎಂದರೆ ಕೊನೆಯವರೆಗೆ, ‘ಸೆಕ್ವಿ’ ಎಂದರೆ ಹಿಂಬಾಲಿಸು. ಇವೆರಡೂ ಕೂಡಿದ ‘ಪರ್ಸೆಕ್ವಿ’ಗೆ ಪಟ್ಟುಬಿಡದೆ ಬೆನ್ನಟ್ಟು ಎಂಬ ಅರ್ಥವಿದ್ದು, ಪೀಡನೆಯ ಅರ್ಥ ಅದರಿಂದಲೇ ಬೆಳೆಯಿತು. (ಜೊತೆಗಿರುವವನು ಎಂಬ ಮೂಲಾರ್ಥದ ಸಂಸ್ಕೃತದ ‘ಸಚಿವ’ ಪದವೂ ‘ಸೆಕ್ವಿ’ಯೂ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಕವಲುಗಳೆಂಬುದು ಗಮನಾರ್ಹ.) ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 303ರಲ್ಲಿ ಆರಂಭಿಸಿದಂತಹ ಕ್ರೈಸ್ತವಿರೋಧಿ ದಮನವನ್ನು ಹೇಳಲು ಚರ್ಚಿನ ಬರಹಗಾರರು ಈ ಪದವನ್ನು ಬಳಸಿದ್ದರಿಂದ ಅದಕ್ಕೆ ಧಾರ್ಮಿಕ ಹಿಂಸೆಯ ಛಾಯೆ ಗಟ್ಟಿಯಾಗಿ ಅಂಟಿಕೊಂಡಿತು. ಮೊಕದ್ದಮೆ ನಡೆಸು ಎಂಬರ್ಥದ ‘ಪ್ರಾಸಿಕ್ಯೂಟ್’ ಇದರ ಸೋದರ ಪದವೇ ಆದರೂ, ಅದು ನ್ಯಾಯದ ಪ್ರಕ್ರಿಯೆಯನ್ನೂ ಇದು ನ್ಯಾಯದ ಭಂಗವನ್ನೂ ಹೇಳುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

1951ರ ನಿರಾಶ್ರಿತರ ಒಪ್ಪಂದದಲ್ಲಿ ಪದದ ತೂಕ ಇನ್ನೂ ಹೆಚ್ಚಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಲ್ಲಿ ಒಂದರಿಂದ ಇಂತಹ ಪೀಡನೆಗೆ ಗುರಿಯಾಗುವ ಸಕಾರಣ ಭಯವಿದ್ದು ತಾಯ್ನಾಡಿನ ಹೊರಗಿರುವವರು, ಆ ದೇಶದ ರಕ್ಷಣೆ ಪಡೆಯಲಾಗದಿದ್ದರೆ, ನಿರಾಶ್ರಿತರೆನಿಸುತ್ತಾರೆ. ಹೀಗಿರುವಾಗ ಕನ್ನಡ ಪತ್ರಿಕೆಗಳು ಇದಕ್ಕೆ ಬರಿದೇ ‘ಕಿರುಕುಳ’ ಎಂದು ಬರೆದರೆ ಸಾಲದು. ‘ದಮನ’ ಅಥವಾ ‘ಬೆನ್ನಟ್ಟಿ ಪೀಡಿಸು’ ಎಂಬುದೇ ಹೆಚ್ಚು ಸಮರ್ಪಕ.