‘ಕೊಳೆ’ ಎಂಬ ಮಾತು

ಜೀವವಿರುವ ಮೈಯಲ್ಲಿಯೇ ಒಂದು ಭಾಗ ಸತ್ತುಹೋಗುವುದುಂಟು. ವೈದ್ಯರು ಅದನ್ನು ‘ನೆಕ್ರೋಸಿಸ್’ ಎನ್ನುತ್ತಾರೆ. ಗ್ರೀಕಿನಲ್ಲಿ ‘ನೆಕ್ರೋಸ್’ ಎಂದರೆ ಹೆಣ. ನಮ್ಮ ರೈತರು ಗ್ರೀಕಿಗೆ ಹೋಗಬೇಕಾಗಿಲ್ಲ. ಹಾನಗಲ್ಲಿನ ಗದ್ದೆಯಲ್ಲಿ ಭತ್ತದ ಎಲೆ ಸುಟ್ಟಂತಾದರೆ ಬೆಂಕಿರೋಗ. ಸವಣೂರಿನ ಎಲೆಬಳ್ಳಿ ನಿಂತಲ್ಲೇ ಬಾಡಿದರೆ ಸೊರಗುರೋಗ. ಅಡಕೆ ಕೊಳೆತು ಉದುರಿದರೆ ಕೊಳೆರೋಗ.

ಈ ಕಡೆಯ ಮಾತು ಕಡಲನ್ನೇ ದಾಟಿದೆ! ಕಾಫಿಯ ಎಲೆಯನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಆಂಗ್ಲ ವಿದ್ವಾಂಸ ಕುಕ್ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. 1958ರಲ್ಲಿ ಡೋಂಕ್ ಎಂಬ ಡಚ್ ವಿದ್ವಾಂಸನು ಅದನ್ನೇ ಕುಲನಾಮವಾಗಿ ಮಾಡಿದನು. ಲ್ಯಾಟಿನ್ ಪಂಕ್ತಿಯಲ್ಲಿ ನಮ್ಮ ಅಚ್ಚಗನ್ನಡದ ‘ಕೊಳೆ’ ಕುಳಿತಿತು.

ಅಡಕೆಯ ಕೊಳೆಗೆ ಕಾರಣ ಬೇರೆಯೇ ಜೀವಿ. ಅದನ್ನು ಕುರಿತು ಮೈಸೂರು ಕೃಷಿ ಇಲಾಖೆಯ ಕೋಲ್ಮನ್ನರು 1910ರಲ್ಲಿ ಬರೆದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದವರು ಮುಂದೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸತೊಡಗಿದರು. ಮದ್ದು ಕೊಳೆಯುವ ಮೊದಲೇ ಬೀಳಬೇಕು. ಕೊಳೆತ ಕಾಯಿ ಮತ್ತೆ ಬದುಕದು.

ಬಟ್ಟೆಯ ಮಾಸಲಿಗೂ ನಾವು ಕೊಳೆ ಎನ್ನುತ್ತೇವಲ್ಲ, ತೊಡಕು ಅಲ್ಲಿದೆ. ಆ ಕೊಳೆ ತೊಳೆದರೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲ್ಬೆರಳು ಕಪ್ಪಾದರೆ ತೊಳೆದು, ಅರಿಸಿನ ಹಚ್ಚಿ ಕಾಯುತ್ತ ಕೂಡಬೇಡಿರಿ; ಅಂದೇ ವೈದ್ಯರಿಗೆ ತೋರಿಸಿರಿ.