ನ್ಯೂ ಹೇವನ್‌ ಪಿಜ್ಜಾ, ಹಾಪ್‌ಲ್ಯಾಂಡ್‌ ಬಿಯರ್: ಸಣ್ಣ ಅಂಗಡಿಗಳು ಉಳಿಯೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಪಿಜ್ಜಾ ಇದೆ, ಬಿಯರ್ ಇದೆ, ಒಂದು ಹೆದ್ದಾರಿ ಇದೆ. ಕೊನೆಗೆ ನಮ್ಮ ಬೆಂಗಳೂರೂ ಬರುತ್ತೆ. ಹಸಿದಿದ್ರೆ ಮೊದಲು ಏನಾದ್ರೂ ತಿಂದು ಬನ್ನಿ, ಆಮೇಲೆ ನನ್ನ ಬೈಬೇಡಿ.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನ್ಯೂ ಹೇವನ್ ಅಂತ ಒಂದು ಊರು. ಯೇಲ್ ವಿಶ್ವವಿದ್ಯಾಲಯ ಇರೋ ಊರು ಅಂದ್ರೆ ಬೇಗ ಗೊತ್ತಾಗಬಹುದು. ಅಲ್ಲಿ ಓದ್ತಿರೋ ಮಂಗಳೂರಿನ ಗೆಳೆಯನನ್ನ ನೋಡೋಕೆ ಹೋಗಿದ್ದೆ. ಶನಿವಾರ ಸಂಜೆ ಅವನು ನನ್ನನ್ನ ವೂಸ್ಟರ್ ಸ್ಟ್ರೀಟ್ ಅನ್ನೋ ಬೀದಿಗೆ ಕರ್ಕೊಂಡು ಹೋದ. ಹೋಗಿ ನೋಡಿದ್ರೆ ಸಾಲು! ಚಳಿಯಲ್ಲಿ ಕೈ ಉಜ್ಜಿಕೊಳ್ತಾ ಜನ ಫುಟ್‌ಪಾತ್ ಮೇಲೆ ನಿಂತಿದ್ದಾರೆ. ಎಲ್ಲಾ ಒಂದು ಪಿಜ್ಜಾಕ್ಕೆ.

ಅಂಗಡಿ ಹೆಸರು ಫ್ರಾಂಕ್ ಪೆಪೆ. ಶುರುವಾಗಿದ್ದು 1925ರಲ್ಲಿ. ಒಳಗೆ ಕಲ್ಲಿದ್ದಲಿನ ದೊಡ್ಡ ಇಟ್ಟಿಗೆ ಒಲೆ. ಉದ್ದನೆ ಹಿಡಿಯ ಮರದ ಹಲಗೆಯಲ್ಲಿ ಪಿಜ್ಜಾವನ್ನ ಒಳಗೆ ತಳ್ತಾರೆ, ಕೆಲವೇ ನಿಮಿಷಕ್ಕೆ ಹೊರಗೆ ಎಳೀತಾರೆ. ಬಂದದ್ದು ದುಂಡಗೂ ಇಲ್ಲ, ಚೌಕವೂ ಅಲ್ಲ. ಅಂಚು ಅಲ್ಲಲ್ಲಿ ಕಪ್ಪಗೆ ಸುಟ್ಟಿದೆ. ನಮ್ಮನೇಲಿ ರೊಟ್ಟಿ ಇಷ್ಟು ಸುಟ್ಟಿದ್ರೆ ಅಮ್ಮ ಅದನ್ನ ತನ್ನ ತಟ್ಟೆಗೇ ಹಾಕ್ಕೊಂಡುಬಿಡೋರು. ಇಲ್ಲಿ ಆ ಕಪ್ಪಿಗೇ ಜನ ಸಾಲು ನಿಲ್ತಾರೆ.

ಇಲ್ಲಿ ಹೆಸರುವಾಸಿ ಆಗಿರೋದು ಬಿಳಿ ಪಿಜ್ಜಾ. ಟೊಮೆಟೊ ಇಲ್ಲ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ತುರಿದ ಚೀಸ್, ಮೇಲೆ ಕ್ಲ್ಯಾಮ್. ಕ್ಲ್ಯಾಮ್ ಅಂದ್ರೆ ಕರಾವಳಿಯವರು ಮರುವಾಯಿ ಅಂತಾರಲ್ಲ, ಆ ಚಿಪ್ಪಿನ ಜೀವಿ. ನಾನು ಸ್ವಲ್ಪ ಹಿಂದೆಮುಂದೆ ನೋಡ್ತಿದ್ದೆ. ಗೆಳೆಯ ಆಗಲೇ ಎರಡನೇ ತುಂಡಿಗೆ ಕೈ ಹಾಕಿದ್ದ. "ಮಾರಾಯ, ಅಮ್ಮ ಮಾಡುವ ಮರುವಾಯಿ ಪುಂಡಿಯಷ್ಟು ಒಳ್ಳೇದಿಲ್ಲ. ಆದ್ರೆ ಊರಿಂದ ಇಷ್ಟು ದೂರದಲ್ಲಿ ಇದು ಸಿಗ್ತದಲ್ಲ, ಅದೇ ದೊಡ್ಡದು" ಅಂದ.

ಆ ಮಾತು ತಲೆಯಲ್ಲಿ ಉಳೀತು. ಯಾಕಂದ್ರೆ ಈ ಬೀದಿಯ ಚರಿತ್ರೆಯೇ ಅದು. ಊರಿಂದ ತುಂಬಾ ದೂರ ಬಂದವರು ಊರಿನ ರುಚಿ ಕಟ್ಟಿಕೊಂಡ ಕಥೆ.

ಸುಮಾರು ನೂರಿಪ್ಪತ್ತು ವರ್ಷ ಹಿಂದೆ ನ್ಯೂ ಹೇವನ್ ಕಾರ್ಖಾನೆಗಳ ಊರು. ಬೀಗ, ಬಾಗಿಲ ಹಿಡಿ ಮಾಡೋ ಸಾರ್ಜೆಂಟ್ ಕಂಪನಿಯಲ್ಲಿ ಇಟಲಿಯಿಂದ ಬಂದ ಕೆಲಸಗಾರರೇ ದೊಡ್ಡ ಸಂಖ್ಯೆಯಲ್ಲಿದ್ರು. ಬಹಳಷ್ಟು ಜನ ನೇಪಲ್ಸ್ ಸುತ್ತಮುತ್ತಲಿನ, ಅಮಾಲ್ಫಿ ಕರಾವಳಿಯ ಬಡವರು. ಫ್ರಾಂಕ್ ಪೆಪೆ ಕೂಡ ಅದೇ ಕರಾವಳಿಯ ಮಯೋರಿ ಅನ್ನೋ ಊರಿನವನು. ಹದಿಹರೆಯದಲ್ಲಿ ಬಂದ, ಕಾರ್ಖಾನೆಯಲ್ಲಿ ದುಡಿದ. ಮೊದಲ ಮಹಾಯುದ್ಧಕ್ಕೆ ಇಟಲಿಗೆ ವಾಪಸ್ ಹೋದ. ಯುದ್ಧ ಮುಗಿದ ಮೇಲೆ ಹೆಂಡತಿ ಫಿಲೊಮೆನಾ ಜೊತೆ ಮತ್ತೆ ಬಂದ. ಬೇಕರಿ ಕೆಲಸ ಮಾಡ್ತಾ ಮಾಡ್ತಾ ತನ್ನದೇ ಅಂಗಡಿ ತೆರೆದ.

1934ರಲ್ಲಿ ಅದೇ ಊರಿನ ಸ್ಟೇಟ್ ಸ್ಟ್ರೀಟ್‌ನಲ್ಲಿ ಮಾಡರ್ನ್ ಅನ್ನೋ ಅಂಗಡಿ ಬಂತು. 1938ರಲ್ಲಿ ಪೆಪೆಯ ಸೋದರಳಿಯ ಸಾಲ್ವತೋರೆ ಕಾನ್ಸಿಲಿಯೊ ಅದೇ ವೂಸ್ಟರ್ ಬೀದಿಯಲ್ಲಿ, ಮಾವನ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಸ್ಯಾಲೀಸ್ ಶುರು ಮಾಡಿದ. ಮಾವನದ್ದು ಮೇಲೋ ಅಳಿಯನದ್ದು ಮೇಲೋ ಅಂತ ಆ ಊರಲ್ಲಿ ಇವತ್ತಿಗೂ ವಾದ ನಡೆಯುತ್ತೆ. ನಮ್ಮಲ್ಲಿ ಯಾವ ಹೋಟೆಲ್ ಬೆಣ್ಣೆ ದೋಸೆ ಒಳ್ಳೇದು ಅಂತ ಕಿತ್ತಾಡ್ತೀವಲ್ಲ, ಹಾಗೆ.

ಇನ್ನೊಂದು ಮಜಾ ಇದೆ. ಬೋರ್ಡಿನ ಮೇಲೆ 'ಪಿಜ್ಜಾ' ಅಂತ ಇರಲ್ಲ, 'ಅಪಿಜ್ಜಾ' ಅಂತ ಇರುತ್ತೆ. ಹಳಬರ ಬಾಯಲ್ಲಿ ಅದು 'ಅಬೀಟ್ಸ್'. ನೇಪಲ್ಸ್ ಕಡೆಯ ಆಡುಮಾತಿನ ಉಳಿಕೆ ಅದು. 'ಪ್ಲೇನ್' ಕೇಳಿದ್ರೆ ಮೊಜರೆಲ್ಲಾ ಚೀಸ್ ಬರಲ್ಲ. ಟೊಮೆಟೊ ಸಾಸ್, ಸ್ವಲ್ಪ ತುರಿದ ಚೀಸ್, ಅಷ್ಟೇ. ಮೊಜರೆಲ್ಲಾ ಬೇಕಂದ್ರೆ ಬೇರೆ ಹೇಳ್ಬೇಕು. ಜಗತ್ತೆಲ್ಲಾ ಚೀಸ್ ಮೇಲೆ ಚೀಸ್ ಸುರೀತಿದ್ರೆ, ಈ ಬೀದಿ ತನ್ನ ಲೆಕ್ಕದಲ್ಲೇ ಇದೆ.

ಈಗ ಹೆದ್ದಾರಿ ಕಥೆ. 1950ರ ದಶಕದಲ್ಲಿ ಅಮೆರಿಕದ ಊರೂರಲ್ಲೂ ಹೊಸ ಹೆದ್ದಾರಿಗಳ ಭರಾಟೆ. ಅದಕ್ಕೆ ಇಟ್ಟ ಹೆಸರು ನಗರ ನವೀಕರಣ. ನ್ಯೂ ಹೇವನ್‌ನಲ್ಲಿ ಮೇಯರ್ ರಿಚರ್ಡ್ ಲೀ ಕಾಲದಲ್ಲಿ ಇದು ತುಂಬಾ ಜೋರಾಗಿ ನಡೀತು. ಓಕ್ ಸ್ಟ್ರೀಟ್ ಅನ್ನೋ ಬಡಾವಣೆಯನ್ನ ಹೆಚ್ಚುಕಮ್ಮಿ ಪೂರ್ತಿ ಕೆಡವಿದ್ರು. ಯಹೂದಿಗಳು, ಕಪ್ಪು ಜನ, ಇಟಾಲಿಯನ್ನರು ಅಕ್ಕಪಕ್ಕ ಬದುಕಿದ್ದ ಜಾಗ. ನೂರಾರು ಕುಟುಂಬ ಎದ್ದು ಹೋದವು. ಮನೆಗಳ ಜೊತೆ ಅಂಗಡಿಗಳೂ ಹೋದವು. ಅಲ್ಲಿದ್ದ ಬೇಕರಿ, ದಿನಸಿ ಅಂಗಡಿಗಳ ರುಚಿಯನ್ನ ತಿಂದು ನೋಡೋಕೆ ಇವತ್ತು ಯಾವ ಸಾಲಲ್ಲೂ ನಿಲ್ಲೋ ಹಾಗಿಲ್ಲ.

ವೂಸ್ಟರ್ ಸ್ಕ್ವೇರ್‌ಗೂ ಅದೇ ಗತಿ ಬರಬಹುದಿತ್ತು. ಇಂಟರ್‌ಸ್ಟೇಟ್ 91 ಹೆದ್ದಾರಿಯ ಮೊದಲ ಯೋಜನೆ ಆ ಬಡಾವಣೆಯ ಮೂಲಕವೇ ಹಾದುಹೋಗಿತ್ತು. ನಿವಾಸಿಗಳು ಪಟ್ಟು ಹಿಡಿದ್ರು. ಗೆರೆ ಪೂರ್ವಕ್ಕೆ ಸರೀತು. ಆ ಕಡೆಯ ಮನೆಗಳು ಹೋದವು, ನಿಜ. ಆದ್ರೆ ಮಧ್ಯದ ಪಾರ್ಕು, ಸುತ್ತಲಿನ ಮನೆಗಳು ಉಳಿದವು. ಪಕ್ಕದ ಬೀದಿಯ ಪಿಜ್ಜಾ ಒಲೆಗಳೂ ಉರೀತಾ ಇದ್ದವು.

ನಾವು ಸಾಮಾನ್ಯವಾಗಿ ಏನಂತೀವಿ? "ಕೈ ರುಚಿ ಇತ್ತು, ಅದಕ್ಕೇ ಅಂಗಡಿ ಉಳೀತು." ಓಕ್ ಸ್ಟ್ರೀಟ್‌ನವರಿಗೆ ಕೈ ರುಚಿ ಇರಲಿಲ್ವಾ? ಇತ್ತು. ಗೆರೆ ಅವರ ಮೇಲೆ ಬಿತ್ತು, ಅಷ್ಟೇ. ಈ ವಿಚಾರವನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಬಿಯರ್ ಕಥೆಯಲ್ಲೂ ಬೇಕಾಗುತ್ತೆ.

ಊಟ ಮುಗಿಸಿ ಅಲ್ಲಿಂದ ನಡ್ಕೊಂಡೇ ಕ್ರೌನ್ ಸ್ಟ್ರೀಟ್‌ಗೆ ಹೋದ್ವಿ. ಅಲ್ಲಿ 'ಬಾರ್' ಅಂತಲೇ ಹೆಸರಿರೋ ಒಂದು ಜಾಗ ಇದೆ. ಪಿಜ್ಜಾವನ್ನೂ ಅಲ್ಲೇ ಬೇಯಿಸ್ತಾರೆ, 1990ರ ದಶಕದಿಂದ ಬಿಯರನ್ನೂ ಅಲ್ಲೇ ತಯಾರಿಸ್ತಾರೆ. ಬೇಯಿಸಿದ ಆಲೂಗಡ್ಡೆ ನುಣ್ಣಗೆ ಹಿಸುಕಿ ಪಿಜ್ಜಾ ಮೇಲೆ ಹಾಕೋದು ಇವರ ಸ್ಪೆಷಾಲಿಟಿ. ಆಲೂ ಪರೋಟ ತಿಂದು ಬೆಳೆದವರಿಗೆ ಅದೇನು ಆಶ್ಚರ್ಯ ಅಲ್ಲ ಬಿಡಿ.

ಪಿಜ್ಜಾ, ಬಿಯರ್ ಒಂದೇ ಸೂರಿನಡಿ ಇರೋದು ಬರೀ ವ್ಯಾಪಾರದ ಜಾಣತನ ಅಲ್ಲ. ಅವೆರಡೂ ಒಂದೇ ಮನೆತನದವು. ಬ್ರೆಡ್ಡಿನ ಹಿಟ್ಟು ಉಬ್ಬಿಸೋ ಯೀಸ್ಟ್, ಏಲ್ ಅನ್ನೋ ಜಾತಿಯ ಬಿಯರ್ ಹುದುಗಿಸೋ ಯೀಸ್ಟ್, ಎರಡೂ ಒಂದೇ ಪ್ರಭೇದ. ಪ್ಯಾಕೆಟ್ ಯೀಸ್ಟ್ ಬರೋದಕ್ಕೆ ಮೊದಲು ಯುರೋಪಿನ ಎಷ್ಟೋ ಬೇಕರಿಯವರು ಬಿಯರ್ ಪೀಪಾಯಿಯ ಮೇಲೆ ಬರೋ ನೊರೆಯನ್ನ ತಂದು ಹಿಟ್ಟಿಗೆ ಹಾಕ್ತಿದ್ರು. ನಮ್ಮಲ್ಲಿ ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತರ್ತೀವಲ್ಲ, ಆ ಥರ.

ಹಾಗಿದ್ರೂ ಅಮೆರಿಕದಲ್ಲಿ ಸಣ್ಣ ಪಿಜ್ಜಾ ಅಂಗಡಿಗಳು ಉಳಿದವು, ಸಣ್ಣ ಬ್ರೂವರಿಗಳು ಸತ್ತೇ ಹೋದವು. ಕಾರಣ ಕಾನೂನು. 1920ರ ಜನವರಿಯಲ್ಲಿ ದೇಶದಾದ್ಯಂತ ಪಾನನಿಷೇಧ ಜಾರಿಗೆ ಬಂತು. ಅದಕ್ಕೆ ಮೊದಲು ಅಲ್ಲಿ ಸುಮಾರು 1,300 ಬ್ರೂವರಿಗಳಿದ್ವು. ತಮಾಷೆ ಅಂದ್ರೆ, ಆ ಸಂವಿಧಾನ ತಿದ್ದುಪಡಿಗೆ ಕೊನೆಗೂ ಒಪ್ಪಿಗೆ ಕೊಡದ ಎರಡೇ ರಾಜ್ಯಗಳಲ್ಲಿ ಕನೆಕ್ಟಿಕಟ್ ಒಂದು. 1933ರ ಡಿಸೆಂಬರ್‌ನಲ್ಲಿ ನಿಷೇಧ ತೆಗೆದ್ರು. ಅಷ್ಟರಲ್ಲಿ ಸಣ್ಣವರ ಪಾತ್ರೆ ಪಗಡ ಮಾರಿಹೋಗಿದ್ವು. ಮತ್ತೆ ಬಾಗಿಲು ತೆರೆದವರನ್ನೂ ಒಬ್ಬೊಬ್ಬರನ್ನಾಗಿ ದೊಡ್ಡ ಕಂಪನಿಗಳು ನುಂಗಿದವು. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ಉಳಿದದ್ದು ನೂರಕ್ಕಿಂತ ಕಡಿಮೆ ಬ್ರೂವರಿಗಳು. ಬಹುಪಾಲು ಒಂದೇ ಥರದ ತೆಳು, ತಣ್ಣನೆ, ತಿಳಿ ಬಿಯರ್.

ಆಗ ಜ್ಯಾಕ್ ಮೆಕಾಲಿಫ್ ಬರ್ತಾನೆ. ಅಮೆರಿಕದ ನೌಕಾಪಡೆಯಲ್ಲಿದ್ದವನು, ಸ್ಕಾಟ್ಲೆಂಡ್‌ನಲ್ಲಿ ಕೆಲಸದ ಮೇಲಿದ್ದಾಗ ಅಲ್ಲಿನ ಗಾಢ ಬಿಯರ್‌ಗಳ ರುಚಿ ಹತ್ತಿತ್ತು. ಊರಿಗೆ ಬಂದ್ರೆ ಅಂಥದ್ದು ಸಿಗಲ್ಲ. ಸರಿ, ನಾನೇ ಮಾಡ್ತೀನಿ ಅಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಅನ್ನೋ ಪುಟ್ಟ ಬ್ರೂವರಿ ಹುಟ್ಟಿತು. ಅಷ್ಟು ಸಣ್ಣ ಬ್ರೂವರಿಗೆ ಯಂತ್ರ ಮಾಡಿಕೊಡೋರೇ ಇರಲಿಲ್ಲ. ಡೈರಿಯವರು ಬಿಟ್ಟ ಹಳೇ ಪಾತ್ರೆ, ಸೋಡಾ ಸಿರಪ್ ತುಂಬ್ತಿದ್ದ ಡ್ರಮ್ಮು, ಇವನ್ನೆಲ್ಲ ತಾನೇ ಬೆಸುಗೆ ಹಾಕಿ ಜೋಡಿಸಿದ.

ಎರಡು ವರ್ಷದ ಮೇಲೆ, 1978ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದ್ರು. ತಮ್ಮ ಮನೆ ಬಳಕೆಗೆ ಜನ ಬಿಯರ್ ತಯಾರಿಸಬಹುದು, ಕೇಂದ್ರದ ತೆರಿಗೆ ಇಲ್ಲ. ಒಂದು ಮನೆಗೆ ವರ್ಷಕ್ಕೆ ಹೆಚ್ಚು ಅಂದ್ರೆ 200 ಗ್ಯಾಲನ್. ಸಣ್ಣ ಸಾಲು, ದೊಡ್ಡ ಪರಿಣಾಮ. ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ ಜನ ಬಹಿರಂಗವಾಗಿ ಕಲಿಯೋಕೆ ಶುರು ಮಾಡಿದ್ರು. ಕೆಡಿಸಿದ್ರು, ಚೆಲ್ಲಿದ್ರು, ಮತ್ತೆ ಮಾಡಿದ್ರು. ಕ್ರಾಫ್ಟ್ ಬಿಯರ್ ಅಂತ ನಾವೀಗ ಕರೆಯೋ ಚಳವಳಿಯ ಎಷ್ಟೋ ಜನ ಹೀಗೇ ಕಲಿತವರು. ಈಗ ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಬ್ರೂವರಿಗಳಿವೆ.

ಮೆಕಾಲಿಫ್‌ಗೆ ಮಾತ್ರ ಆ ಭಾಗ್ಯ ಇರಲಿಲ್ಲ. ದೊಡ್ಡದು ಮಾಡೋಕೆ ಸಾಲ ಸಿಗಲಿಲ್ಲ, ಇದ್ದದ್ದು ಇದ್ದ ಹಾಗೆ ನಡೆಸಿದ್ರೆ ಲಾಭ ಇಲ್ಲ. 1982ರಲ್ಲಿ ನ್ಯೂ ಆಲ್ಬಿಯನ್ ಬಾಗಿಲು ಹಾಕ್ತು.

ಈಗ ನೋಡಿ, ಬೆಂಗಳೂರು ಬರುತ್ತೆ. ನ್ಯೂ ಆಲ್ಬಿಯನ್‌ನ ಪಾತ್ರೆಗಳು, ಅಲ್ಲಿದ್ದ ಕೆಲಸಗಾರರು, ಯೀಸ್ಟ್ ಸಮೇತ, ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಅನ್ನೋ ಸಣ್ಣ ಊರಿಗೆ ಹೋದ್ರು. ಹಿಂದೆ ಹಾಪ್ಸ್ ಬೆಳೀತಿದ್ದ ಊರು, ಅದಕ್ಕೇ ಆ ಹೆಸರು. 1983ರಲ್ಲಿ ಅಲ್ಲಿ ಮೆಂಡೊಸಿನೊ ಬ್ರೂಯಿಂಗ್ ಕಂಪನಿ ಒಂದು ಬ್ರೂಪಬ್ ತೆರೀತು. ಅಂದ್ರೆ ಅಲ್ಲೇ ತಯಾರಿಸಿ, ಅಲ್ಲೇ ಊಟದ ಜೊತೆ ಕೊಡೋ ಜಾಗ. ಪಾನನಿಷೇಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಮೊದಲ ಬ್ರೂಪಬ್ ಅದು. ಚೆನ್ನಾಗಿ ನಡೀತು. 1990ರ ದಶಕದಲ್ಲಿ ಜನರಿಗೆ ನೇರವಾಗಿ ಷೇರು ಮಾರಿ, ಪಕ್ಕದ ಯುಕಾಯಾದಲ್ಲಿ ದೊಡ್ಡ ಬ್ರೂವರಿ ಕಟ್ಟಿದ್ರು. ಕೈಯಲ್ಲಿ ದುಡ್ಡು ಸಾಲದೇ ಹೋಯ್ತು. 1997ರಲ್ಲಿ ದುಡ್ಡು ತಂದು ಹಿಡಿತ ಪಡೆದವರು ಯಾರು ಗೊತ್ತಾ? ವಿಜಯ್ ಮಲ್ಯ ಅವರ ಯುಬಿ ಗುಂಪು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನ ಒಂದು ಮಾಡಿ ಕಟ್ಟಿದ, ನಮ್ಮ ಬೆಂಗಳೂರಿನ ಅದೇ ಯುನೈಟೆಡ್ ಬ್ರೂವರೀಸ್. ಹಳೇ ಡ್ರಮ್ಮುಗಳಲ್ಲಿ ಶುರುವಾದ ಪರಂಪರೆ ಬೆಂಗಳೂರಿನ ಕಂಪನಿಯ ಖಾತೆಗೆ ಸೇರಿತು. 2018ರ ಆರಂಭದಲ್ಲಿ ಯುಕಾಯಾದ ಆ ಬ್ರೂವರಿಯೂ ಮುಚ್ಚಿತು.

ಅದೇ ಹೊತ್ತಿಗೆ ಇಲ್ಲಿ ಉಲ್ಟಾ ನಡೀತಿತ್ತು. 2010ರ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಸಣ್ಣ ಬ್ರೂವರಿಗಳಿಗೆ ಲೈಸೆನ್ಸ್ ಕೊಡೋಕೆ ನಿಯಮ ಬಂತು. 2012ರಲ್ಲಿ ಅಮೆರಿಕದ ಮಿಷಿಗನ್‌ನ ಆರ್ಬರ್ ಬ್ರೂಯಿಂಗ್ ಹೆಸರಲ್ಲೇ ಮಾಗ್ರತ್ ರಸ್ತೆಯಲ್ಲಿ ಒಂದು ಬ್ರೂಪಬ್ ತೆರೀತು. ನಮ್ಮ ದುಡ್ಡು ಅಲ್ಲಿಗೆ ಹೋಗಿತ್ತು, ಅವರ ಕಸುಬು ಇಲ್ಲಿಗೆ ಬಂತು. ಬಾರ್ಲಿಯೂ ನೀರೂ ಮೊದಲೂ ಇದ್ವು. ಬಾಗಿಲು ತೆಗೆದದ್ದು ನಿಯಮದ ಪುಸ್ತಕದ ಒಂದು ಪುಟ.

ಇದೆಲ್ಲ ಹೇಳಿ, ಸಣ್ಣದೆಲ್ಲ ಒಳ್ಳೇದು, ದೊಡ್ಡದೆಲ್ಲ ಕೆಟ್ಟದ್ದು ಅಂತ ಮುಗಿಸೋಕೆ ನಾನು ತಯಾರಿಲ್ಲ. ಪೆಪೆ ಅಂಗಡಿಗೇ ಈಗ ಬೇರೆ ಊರುಗಳಲ್ಲಿ ಶಾಖೆಗಳಿವೆ. ಸ್ಯಾಲೀಸ್ ಕುಟುಂಬದ ಕೈಬಿಟ್ಟು ಹೂಡಿಕೆದಾರರ ಕೈ ಸೇರಿದೆ, ಅದೂ ಶಾಖೆ ತೆರೀತಿದೆ. ಬೆಳೆಯೋದು ತಪ್ಪಲ್ಲ. ಆದ್ರೆ ಬೆಳೆಯೋಕೆ ಮೊದಲು ಸಣ್ಣದಾಗಿ ಬದುಕೋಕೆ, ತಪ್ಪು ಮಾಡೋಕೆ ಒಂದು ಜಾಗ ಬೇಕು. ಆ ಜಾಗವನ್ನ ಕೊಡೋದೂ ಕಿತ್ಕೊಳ್ಳೋದೂ ಎಲ್ಲೋ ಎಳೆದ ಗೆರೆ, ಯಾರೋ ಹಾಕಿದ ಸಹಿ.

ನಾನಿದನ್ನ ಯಾಕೆ ಇಷ್ಟು ಹಚ್ಕೊಂಡಿದ್ದೀನಿ ಅಂದ್ರೆ, ನ್ಯೂ ಹೇವನ್‌ನಿಂದ ವಾಪಸ್ ಬಂದ ವಾರವೇ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಗೆ ಹೋಗಿದ್ದೆ. ಖಾರ ಬನ್ ತಗೊಂಡು ಹೊರಗೆ ಬಂದ್ರೆ ಗೋಡೆ ಮೇಲೆ ಕೆಂಪು ಬಣ್ಣದ ಬಾಣ, ಪಕ್ಕದಲ್ಲಿ ಒಂದು ನಂಬರ್. ರಸ್ತೆ ಅಗಲೀಕರಣದ ಗುರುತು. ಬೇಕರಿ ಮಾಮನ್ನ ಕೇಳಿದೆ. "ಒಲೆ ಇರೋದೇ ಆ ಕಡೆ ಗೋಡೆಗೆ ಕಣಪ್ಪಾ. ಗೋಡೆ ಹೋದ್ರೆ ಒಲೆ ಹೋದ ಹಾಗೆ" ಅಂದ್ರು. ಬನ್ ಕಟ್ಟಿಕೊಡೋ ಕೈ ಮಾತ್ರ ನಿಲ್ಲಲಿಲ್ಲ.

ಆಕ್ಷೇಪಣೆ ಹಾಕೋಕೆ ಕೊನೇ ದಿನ ಯಾವುದು ಅಂತ ಕೇಳಿದ್ರೆ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ವಿಚಾರಿಸಿದೆ, ಇನ್ನೂ ಟೈಮ್ ಇತ್ತು. ಬೀದಿಯವರು ಸೇರಿ ಬರೆದ ಅರ್ಜಿಯಲ್ಲಿ ಈಗ ನನ್ನ ಸಹಿಯೂ ಇದೆ. ಗೆರೆ ಸರಿಯುತ್ತೋ ಇಲ್ವೋ, ಮುಂದೆ ಹೇಳ್ತೀನಿ. ನಿಮ್ಮ ಬೀದಿಯ ಗೋಡೆಗಳನ್ನೂ ಒಂದ್ಸಲ ನೋಡ್ಕೊಂಡು ಬನ್ನಿ. ಮುಂದಿನ ವಾರ ಸಿಗೋಣ.